ಹಡಗು ಹತ್ತುವಾಗ ನಮ್ಮ ಕೋವಿಡ್ ರಿಪೋರ್ಟ್ ತಿರಸ್ಕರಿಸಿದ ಬಗ್ಗೆ ದೂರು

ಮೈಸೂರು
2-5-2022

ಇವರಿಗೆ,
ವ್ಯವಸ್ಥಾಪಕರು,
ಕ್ರೂಸ್ ಬುಕಿಂಗ್ ಕಚೇರಿ, ಬೆಂಗಳೂರು

ಮಾನ್ಯರೇ,

ಫ್ಲೋರಿಡಾದಲ್ಲಿರುವ ಮಗಳ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಏಪ್ರಿಲ್ 9, ಶನಿವಾರ ಮಯಾಮಿಯಿಂದ ಹೊರಡುವ ಹಡಗಿಗೆ ನಮ್ಮಿಬ್ಬರಿಗೂ ಮಗಳು ಅಳಿಯನಿಗೂ ನಿಮ್ಮಲ್ಲೇ ಬುಕಿಂಗ್ ಮಾಡಿಸಿದ್ದೆ.

ಎರಡೂ ಡೋಸ್ ಆಗಿರಬೇಕು, ಹೊರಡುವ ದಿನಕ್ಕೆ ಹಿಂದಿನ 2 ದಿನದೊಳಗಿನ ನೆಗೆಟಿವ್ ರಿಪೋರ್ಟ್ ಇರಬೇಕು ಎಂದು ನಿಮ್ಮ ಇಮೇಲ್‌ನಲ್ಲಿತ್ತು. ಅನುಮಾನ ಉಳಿಯಬಾರದೆಂದು ವಾಟ್ಸಾಪ್‌ನಲ್ಲೂ ಕೇಳಿದೆ. "ಶನಿವಾರ ಹಡಗು ಅಂದ್ರೆ ಗುರುವಾರ ಯಾವಾಗ ಮಾಡಿಸಿದರೂ ನಡೆಯುತ್ತೆ ಸರ್" ಎಂದು ನಿಮ್ಮ ಕಚೇರಿಯಿಂದಲೇ ಉತ್ತರ ಬಂತು. ಆ ಮೆಸೇಜು ಇನ್ನೂ ನನ್ನ ಫೋನಿನಲ್ಲಿದೆ.

ಗುರುವಾರ ಬೆಳಿಗ್ಗೆ ನಾಲ್ವರೂ ಒಂದೇ ಔಷಧಿ ಅಂಗಡಿಯಲ್ಲಿ ಆಂಟಿಜೆನ್ ಟೆಸ್ಟ್ ಮಾಡಿಸಿದೆವು. ಎಲ್ಲರದ್ದೂ ನೆಗೆಟಿವ್. ಶನಿವಾರ ಮಧ್ಯಾಹ್ನ 12:30ಕ್ಕೆ ಬಂದರಿನ ಕೌಂಟರಿಗೆ ಹೋದೆವು. ನಮ್ಮ ಕೋವ್ಯಾಕ್ಸಿನ್ ಸರ್ಟಿಫಿಕೇಟಿಗೆ ಯಾವ ತಕರಾರೂ ಬರಲಿಲ್ಲ. ಆದರೆ ಅಲ್ಲಿದ್ದವರು ರಿಪೋರ್ಟಿನಲ್ಲಿದ್ದ 9:40 ಎಂಬ ಸಮಯದ ಮೇಲೆ ಬೆರಳಿಟ್ಟು, ಗಂಟೆ ಎಣಿಸಿ, "48 ಗಂಟೆ ದಾಟಿದೆ, ಇದು ನಡೆಯಲ್ಲ" ಎಂದುಬಿಟ್ಟರು. ಪಕ್ಕದ ಕೌಂಟರಿನಲ್ಲಿ ಮಗಳು ಅಳಿಯನಿಗೆ ಆಗಲೇ ಒಳಗೆ ಹೋಗಲು ಹೇಳಿದ್ದರು. ಅವರ ಟೆಸ್ಟ್ ನಮಗಿಂತ ಹತ್ತು ನಿಮಿಷ ಮೊದಲೇ ಆಗಿತ್ತು! ಇಮೇಲ್ ತೋರಿಸಿದೆ, ಮೆಸೇಜ್ ತೋರಿಸಿದೆ. ಯಾರೂ ಓದಲಿಲ್ಲ.

ಹೊರಗಿನ ಟೆಂಟಿನಲ್ಲಿ ಮತ್ತೆ ಟೆಸ್ಟ್ ಮಾಡಿಸಿದರು. ತಲೆಗೆ 100 ಡಾಲರ್. ನನ್ನ ಹೆಂಡತಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಸೂಟ್‌ಕೇಸುಗಳನ್ನು ಬಂದರಿನ ಬಾಗಿಲಲ್ಲೇ ತೆಗೆದುಕೊಂಡಿದ್ದರು, ಅವಳ ಮಾತ್ರೆ, ಬಿಸ್ಕತ್ತು ಎಲ್ಲ ಅದರೊಳಗೆ. ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಕೈ ನಡುಗಲು ಶುರುವಾದಾಗ ಮಗಳು ಓಡಿಹೋಗಿ ಯಾರ ಹತ್ತಿರವೋ ಜ್ಯೂಸ್ ಬೇಡಿ ತಂದಳು. ಈ ಬಾರಿಯೂ ನೆಗೆಟಿವ್ ಬಂತು. ಎಲ್ಲರಿಗಿಂತ ಕೊನೆಗೆ ನಾವು ಹಡಗು ಹತ್ತಿದೆವು.

ಟೆಸ್ಟ್, ಲಸಿಕೆ ಬೇಡ ಅನ್ನುವವರು ನಾವಲ್ಲ. 2021ರ ಮೇ ತಿಂಗಳಲ್ಲಿ ನನ್ನ ಭಾಮೈದ ಕೋವಿಡ್‌ನಿಂದ ತೀರಿಕೊಂಡ. ಹಡಗಿನೊಳಗೆ ಈ ರೋಗ ಹೇಗೆ ಹಬ್ಬುತ್ತದೆಂಬುದೂ ಗೊತ್ತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್‌ನಲ್ಲಿ 3,711 ಜನರ ಪೈಕಿ 712 ಜನರಿಗೆ ಸೋಂಕು ತಗುಲಿತ್ತು. ಆದ್ದರಿಂದಲೇ ನಿಯಮ ಎಲ್ಲರಿಗೂ ಅರ್ಥವಾಗುವಂತೆ, ಎಲ್ಲ ಕೌಂಟರಿನಲ್ಲೂ ಒಂದೇ ಥರ ಇರಬೇಕು ಅಲ್ವಾ?

ದಿನ ಬೇರೆ, ಗಂಟೆ ಬೇರೆ. ಅಮೆರಿಕಕ್ಕೆ ವಿಮಾನ ಹತ್ತುವಾಗಲೂ ನಮಗೆ ಟೆಸ್ಟ್ ಕೇಳಿದ್ದರು. ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದಕ್ಕೆ 24 ಗಂಟೆ ಅನ್ನದೆ 1 ದಿನ ಎಂದೇ ಇಟ್ಟಿತ್ತು. ಟೆಸ್ಟ್ ಬೆಳಿಗ್ಗೆ ಆಯಿತೋ ಸಂಜೆ ಆಯಿತೋ ಅಂತ ಪ್ರಯಾಣಿಕರು ಒದ್ದಾಡಬಾರದು ಎಂಬುದೇ ಅದರ ಉದ್ದೇಶವಾಗಿತ್ತು. ನಿಮ್ಮ ಇಮೇಲ್‌ನಲ್ಲೂ ದಿನ ಎಂದೇ ಇದೆ. ಗಂಟೆ ಎಂಬ ಪದವೇ ಅದರಲ್ಲಿಲ್ಲ.

ವಾಪಸ್ ಬಂದ ಮೇಲೆ ಎರಡು ಸಲ ಬರೆದೆ. "ಬಂದರಿನ ಸಿಬ್ಬಂದಿಯ ತೀರ್ಮಾನವೇ ಅಂತಿಮ" ಎಂಬ ಒಂದೇ ಸಾಲು ಬಂತು. ಇದನ್ನು ನಾನು ಒಪ್ಪುವುದಿಲ್ಲ. ದುಡ್ಡು ತೆಗೆದುಕೊಂಡವರು ನೀವು, ಮಾತು ಕೊಟ್ಟವರೂ ನೀವೇ.

ನಮ್ಮ 200 ಡಾಲರ್ ವಾಪಸ್ ಕೊಡಿ. ನಮ್ಮನ್ನು ಏಕೆ ತಡೆದರು ಎಂದು ಹಡಗು ಕಂಪನಿಯನ್ನು ಕೇಳಿ, ಲಿಖಿತವಾಗಿ ತಿಳಿಸಿ. ಇನ್ನು ಮುಂದೆ ಕಳಿಸುವ ಇಮೇಲ್‌ಗಳಲ್ಲಿ, ಯಾವ ದಿನ ಹಡಗು ಹೊರಟರೆ ಯಾವ ದಿನದಿಂದ ಟೆಸ್ಟ್ ಮಾಡಿಸಬಹುದು ಎಂದು ಬಿಡಿಸಿ ಬರೆಯಿರಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ ಎಂಬ ಒಂದು ಮಾತನ್ನೂ ಸೇರಿಸಿ.

ಎರಡೂ ರಿಪೋರ್ಟು, ವಾಟ್ಸಾಪ್ ಮೆಸೇಜಿನ ಚಿತ್ರ, ಟೆಂಟಿನಲ್ಲಿ ಕೊಟ್ಟ ರಸೀದಿ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮಲ್ಲಿ ಬುಕಿಂಗ್ ಮಾಡಿಸಿದ ನಿವೃತ್ತ ಶಿಕ್ಷಕ