ಮೂಗಿನ ಫಿಲ್ಲರ್‌ಗೆ ‘ಪರ್ಮನೆಂಟ್’ ಅಂತ ಜಾಹೀರಾತು ಹಾಕೋರನ್ನ ಯಾರು ಕೇಳ್ತಾರೆ?

ಸಂಪಾದಕರಿಗೆ ನಮಸ್ಕಾರ,

ನಾನು ಕೋಲಾರದವಳು, ಮದುವೆ ಹೆಣ್ಣುಮಕ್ಕಳಿಗೆ ಮೇಕಪ್ ಮಾಡ್ತೀನಿ, ಮಾಲೂರು ಬಂಗಾರಪೇಟೆ ಮುಳಬಾಗಿಲು ಕಡೆ ಛತ್ರಗಳಿಗೂ ಹೋಗ್ತಿರ್ತೀನಿ. ಈಚೆಗೆ ನಿಶ್ಚಿತಾರ್ಥ ಮುಗಿದ ತಕ್ಷಣ ಫೋನ್ ಮಾಡಿ “ಅಕ್ಕ, ಮೂಗಿಗೆ ಫಿಲ್ಲರ್ ಹಾಕಿಸ್ಕೊಂಡ್ರೆ ಎಷ್ಟು ದಿನ ಇರುತ್ತೆ” ಅಂತ ಕೇಳೋ ಹುಡುಗೀರು ಜಾಸ್ತಿ ಆಗಿದಾರೆ. ಫಿಲ್ಲರ್ ಅಂದ್ರೆ ಆಕಾರ ತಿದ್ದೋಕೆ ಚರ್ಮದ ಕೆಳಗೆ ಚುಚ್ಚಿ ತುಂಬೋ ಪದಾರ್ಥ. ಇನ್‌ಸ್ಟಾದಲ್ಲಿ ರೀಲ್ ನೋಡಿರ್ತಾರೆ, ಆಪರೇಷನ್ ಇಲ್ಲ, ಅರ್ಧ ಗಂಟೆ ಕೆಲಸ, ಪರ್ಮನೆಂಟ್ ಅಂತ ಅದರಲ್ಲಿ ಬರೆದಿರುತ್ತೆ. ಈ ಪರ್ಮನೆಂಟ್ ಅನ್ನೋದೇ ಸುಳ್ಳು, ಅದನ್ನ ನಿಮ್ಮ ಪೇಪರ್ ಮೂಲಕ ಹೇಳೋಣ ಅಂತ ಬರೀತಿದೀನಿ.

ಸಾಮಾನ್ಯವಾಗಿ ಹಾಕೋದು ಹಯಲುರಾನಿಕ್ ಆಸಿಡ್ ಜೆಲ್, ಜುವಡರ್ಮ್ ರೆಸ್ಟಿಲೇನ್ ಅಂತೆಲ್ಲ ಹೆಸರು ಕೇಳಿರ್ತೀರಿ. ಇದು ನಮ್ಮ ದೇಹದಲ್ಲೂ ಇರೋ ಪದಾರ್ಥನೇ, ಹಾಗಾಗಿ ದೇಹ ಅದನ್ನ ನಿಧಾನಕ್ಕೆ ಕರಗಿಸ್ತಾ ಬರುತ್ತೆ. ತುಟಿ ಯಾವಾಗ್ಲೂ ಅಲ್ಲಾಡ್ತಿರುತ್ತೆ, ಅಲ್ಲಿ ಬೇಗ ಹೋಗುತ್ತೆ, ಮೂಗು ಅಷ್ಟು ಅಲ್ಲಾಡಲ್ಲ ಅದಕ್ಕೆ ಸ್ವಲ್ಪ ಜಾಸ್ತಿ ಬಾಳಿಕೆ, ಆದ್ರೂ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಒಂದೂವರೆ ವರ್ಷ ಅಷ್ಟೇ. ರೇಡಿಯೆಸ್ ಅಂತ ಕ್ಯಾಲ್ಸಿಯಂ ಇರೋ ಇನ್ನೊಂದು ಬರುತ್ತೆ, ಅದು ವರ್ಷ, ವರ್ಷದ ಮೇಲೆ ಇರಬಹುದು. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹಯಲುರಾನಿಕ್ ಜೆಲ್‌ನ ಹಯಲುರಾನಿಡೇಸ್ ಅನ್ನೋ ಇಂಜೆಕ್ಷನ್ ಕೊಟ್ಟು ಕರಗಿಸ್ತಾರೆ, ಕ್ಯಾಲ್ಸಿಯಂದು ಹಾಗೆ ಕರಗಲ್ಲ. ಜಾಸ್ತಿ ದಿನ ಬರುತ್ತೆ ಅಂತ ಅದನ್ನೇ ಕೇಳೋರು ಇದನ್ನ ತಿಳ್ಕೊಂಡಿರ್ಬೇಕು. ಸಿಲಿಕೋನ್ ಲಿಕ್ವಿಡ್ ಚುಚ್ಚಿ ಜೀವನಪೂರ್ತಿ ಇರುತ್ತೆ ಅನ್ನೋರ ಹತ್ರ ಮಾತ್ರ ದಯವಿಟ್ಟು ಹೋಗಲೇಬೇಡಿ, ಗಂಟು ಕಟ್ಟಿದ್ರೆ ಕತ್ತರಿಸಿ ತೆಗೀಬೇಕಾಗುತ್ತೆ.

ನಾನು ಮೇಕಪ್ ಮಾಡಿದ ಒಬ್ಬ ಹುಡುಗಿ ಮದುವೆಗೆ ಮುಂಚೆ ಮೂಗಿನ ಮೇಲಿನ ಉಬ್ಬು ಕಾಣದ ಹಾಗೆ ಫಿಲ್ಲರ್ ಹಾಕಿಸಿದ್ಲು. ಚೆನ್ನಾಗೇ ಬಂದಿತ್ತು, ಹುಬ್ಬಿನ ಮಧ್ಯದಿಂದ ತುದಿವರೆಗೂ ನೇರ ಗೆರೆ, ನಾನು ಮೇಕಪ್‌ನಲ್ಲಿ ನೆರಳು ಕೊಟ್ಟು ಮೂಗು ತಿದ್ದೋ (ಕಾಂಟೂರ್) ಕೆಲಸಾನೇ ಇರ್ಲಿಲ್ಲ. ಅವಳ ಸೀಮಂತಕ್ಕೂ ನನ್ನನ್ನೇ ಕರೆದಿದ್ರು, ಅಷ್ಟೊತ್ತಿಗೆ ಉಬ್ಬು ಮತ್ತೆ ಕಾಣ್ತಿತ್ತು, ಬ್ರಷ್ ಇಡ್ತಿದ್ದ ಹಾಗೇ ಗೊತ್ತಾಯ್ತು. ಕನ್ನಡಿ ನೋಡ್ಕೊಂಡು “ಅಕ್ಕ ನಂಗೆ ಮೋಸ ಮಾಡಿದ್ರಾ” ಅಂತ ಅತ್ತುಬಿಟ್ಲು. ಔಷಧಿ ಅದರ ಪ್ರಕಾರ ಕರಗಿದೆ, ಆದ್ರೆ ಕರಗುತ್ತೆ ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ, ಮೋಸ ಅಂದ್ರೆ ಅದೇ. ಬಸುರಿ ಇದ್ದಾಗ, ಹಾಲು ಕುಡಿಸೋವಾಗ ಡಾಕ್ಟರ್‌ಗಳು ಫಿಲ್ಲರ್ ಹಾಕಲ್ಲ, ಅಂದ್ರೆ ತಕ್ಷಣ ಮತ್ತೆ ಹಾಕಿಸೋಕೂ ಆಗಲ್ಲ. ಮದುವೆ ಆಗಿ ಒಂದೆರಡು ವರ್ಷದಲ್ಲಿ ಮಗು ಅನ್ನೋ ನಮ್ಮ ಮನೆಗಳಲ್ಲಿ ಈ ಲೆಕ್ಕ ಮೊದಲೇ ಹಾಕ್ಬೇಕಲ್ವಾ? ಒಂದು ಸಿರಿಂಜ್‌ಗೆ ಸಾವಿರಾರು ರೂಪಾಯಿ ಬೇರೆ, ಸಾಲ ಮಾಡಿ ಮದುವೆ ಮಾಡೋ ಅಪ್ಪ ಅಮ್ಮ ಅದನ್ನೂ ಕೊಡ್ತಾರೆ.

ಇನ್ನೊಂದು ವಿಷ್ಯ, ಫಿಲ್ಲರ್‌ನಿಂದ ಮೂಗು ಚಿಕ್ಕದಾಗಲ್ಲ, ತುಂಬೋದೇ ಅದರ ಕೆಲಸ. ಅಗಲ ಮೂಗು ಸಣ್ಣ ಆಗುತ್ತೆ ಅಂತ ಹೇಳಿದ್ರೆ ನಂಬಬೇಡಿ. ಆಕಾರ ಹೋಯ್ತು ಅಂದ್ರೆ ಜೆಲ್ ಪೂರ್ತಿ ಹೋಯ್ತು ಅಂತಾನೂ ಅಲ್ಲ, ಸ್ಕ್ಯಾನ್‌ನಲ್ಲಿ ವರ್ಷಗಟ್ಟಲೆ ಆದ್ಮೇಲೂ ಸ್ವಲ್ಪ ಒಳಗೆ ಉಳಿದಿರೋದು ಕಂಡುಬಂದಿದೆ, ಅದರ ಮೇಲೆ ಮತ್ತೆ ಮತ್ತೆ ತುಂಬಿಸ್ತಾ ಹೋದ್ರೆ ಮೂಗು ದಪ್ಪ ಕಾಣೋಕೆ ಶುರುವಾಗುತ್ತೆ. ಮದುವೆ ಹಿಂದಿನ ವಾರ ಹಾಕಿಸೋರೂ ಇದಾರೆ, ಊತ, ಕಂದು ಕಲೆ ಇಳಿಯೋಕೆ ಒಂದೆರಡು ವಾರ ಬೇಕು, ಕಡೇ ಪಕ್ಷ ಒಂದು ತಿಂಗಳು ಮೊದಲೇ ಮಾಡಿಸಿ. ಮೂಗುತಿಗೆ ಮೂಗು ಚುಚ್ಚಿಸೋದಿದ್ರೆ ಡಾಕ್ಟರ್‌ಗೆ ಹೇಳಿಬಿಡಿ, ಎರಡೂ ಒಟ್ಟಿಗೆ ಬೇಡ.

ನನಗೆ ಜಾಸ್ತಿ ಭಯ ಪಾರ್ಲರ್‌ಗಳಲ್ಲಿ ಚುಚ್ಚೋದು ನೋಡಿ. ಮೂಗಿನ ರಕ್ತನಾಳಕ್ಕೂ ಕಣ್ಣಿನ ರಕ್ತನಾಳಕ್ಕೂ ಸಂಬಂಧ ಇದೆ, ಜೆಲ್ ತಪ್ಪಿ ನಾಳದೊಳಗೆ ಹೋದ್ರೆ ಚರ್ಮ ಬಿಳುಚಿಕೊಂಡು ಆಮೇಲೆ ನೇರಳೆ ಆಗಿ ಸತ್ತೇ ಹೋಗಬಹುದು, ಕಣ್ಣೇ ಹೋದ ಪ್ರಕರಣಗಳೂ ಇವೆ. ಅಪರೂಪ ನಿಜ, ಆದ್ರೆ ಮುಖದಲ್ಲಿ ಫಿಲ್ಲರ್‌ಗೆ ಅತಿ ಅಪಾಯದ ಜಾಗಗಳಲ್ಲಿ ಮೂಗೂ ಒಂದು. ಕಣ್ಣಿಗೆ ರಕ್ತ ಹೋಗೋದು ನಿಂತ್ರೆ ಒಂದೂವರೆ ಗಂಟೆ ಒಳಗೇ ಎಲ್ಲ ಮುಗಿದಿರುತ್ತೆ, ಕೋಲಾರದಿಂದ ಬೆಂಗಳೂರಿಗೆ ಓಡೋಷ್ಟರಲ್ಲಿ ಏನು ಉಳಿಯುತ್ತೆ? ಕರಗಿಸೋ ಇಂಜೆಕ್ಷನ್ ಅಲ್ಲೇ ಕೈಗೆ ಸಿಗೋ ಹಾಗೆ ಇರೋ ಕಡೆ, ಚರ್ಮದ ಡಾಕ್ಟರ್ ಇಲ್ಲ ಪ್ಲಾಸ್ಟಿಕ್ ಸರ್ಜನ್ ಹತ್ರ ಮಾತ್ರ ಮಾಡಿಸಿ, ನಿಮ್ಮೆದುರೇ ಫಿಲ್ಲರ್ ಬಾಕ್ಸ್ ಒಡೆಸಿ, ಅದರ ಸ್ಟಿಕ್ಕರ್ ಇಸ್ಕೊಳ್ಳಿ. ಫಿಲ್ಲರ್ ಹಾಕೋಕೆ ಸೂಜಿ ಇಲ್ಲದ ಪೆನ್ ಅಂತ ಬಂದಿದೆಯಲ್ಲ, ಅದನ್ನ ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಸಿದೆ.

ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) 2007ರಿಂದ ಇದೆ, ಖಾಸಗಿ ಕ್ಲಿನಿಕ್ ಅಂದ್ರೆ ನೋಂದಣಿ ಆಗಿರಲೇಬೇಕು, ನೋಂದಣಿ ನೋಡ್ಕೊಳ್ಳೋ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಸಾಹೇಬರೇ ಅಧ್ಯಕ್ಷರು. ಕ್ಲಿನಿಕ್ ಅಂತ ನೋಂದಣಿನೇ ಇಲ್ಲದ ಪಾರ್ಲರ್‌ನಲ್ಲಿ ಸಿರಿಂಜ್ ಹಿಡಿಯೋರ ಮೇಲೆ, ಪರ್ಮನೆಂಟ್ ಅಂತ ಬೋರ್ಡ್ ಹಾಕೋರ ಮೇಲೆ ಆರೋಗ್ಯ ಇಲಾಖೆಯವರು ಮುಂದಿನ ಮುಹೂರ್ತಗಳು ಶುರುವಾಗೋ ಮುಂಚೆ ತಪಾಸಣೆ ಮಾಡ್ಬೇಕು. ತಮ್ಮ ಪತ್ರಿಕೆಯವರೂ ಒಬ್ಬ ಚರ್ಮರೋಗ ತಜ್ಞರ ಹತ್ರ ಈ ಬಗ್ಗೆ ಒಂದು ಲೇಖನ ಬರೆಸಿ ಹಾಕಿ ಅಂತ ಕೇಳ್ಕೊಳ್ತೀನಿ.

– ಮದುವೆ ಮೇಕಪ್ ಮಾಡುವವರು, ಕೋಲಾರ