ಲಗೋರಿ ಆಡಿ ಕೈ ಉಳುಕಿಸಿಕೊಂಡ ಅಮ್ಮನಿಂದ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಬೈದಾಗ ಅಲ್ಲೇ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಪಕ್ಕದಲ್ಲೇ ನಿನ್ನಪ್ಪ ಕೂತು ಕಿಸಿಕಿಸಿ ನಗುತ್ತಿದ್ದರು. ಅದೂ ಅಲ್ಲದೆ ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಎಡಗೈಯಲ್ಲಿ ಫೋನ್ ಹಿಡಿದವಳಿಗೆ ವಾದ ಮಾಡೋ ಮುಖ ಎಲ್ಲಿರುತ್ತೆ? ಈಗ ಕೈ ಸುಮಾರಾಗಿ ಸರಿಹೋಗಿದೆ, ಟೈಪ್ ಮಾಡಬಹುದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಆಫೀಸಿನಲ್ಲಿ ಓದಬೇಡ, ಮನೆಗೆ ಹೋಗಿ ಓದು.

"ಈ ವಯಸ್ಸಲ್ಲಿ ಲಗೋರಿ ಬೇಕಿತ್ತಾ ಅಮ್ಮ?" ಅಂದೆಯಲ್ಲ. ಬೇಕಿತ್ತು ಕಣೆ.

ಆಗಿದ್ದು ಇಷ್ಟು. ದಸರಾ ರಜೆಗೆ ಚಿಕ್ಕಪ್ಪನ ಮನೆಯವರೆಲ್ಲ ಬಂದಿದ್ದರು. ಮಕ್ಕಳು ಬೆಳಗಿನಿಂದ ಮೊಬೈಲ್ ಕೆಳಗಿಟ್ಟಿರಲಿಲ್ಲ. ಮಧ್ಯಾಹ್ನ ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಚಾರ್ಜೂ ಹೋಯ್ತು. ಬಚ್ಚಲುಮನೆ ರಿಪೇರಿ ಆದಾಗ ಉಳಿದಿದ್ದ ಟೈಲ್ಸ್ ಚೂರು ತಾರಸಿ ಮೂಲೆಯಲ್ಲಿ ಬಿದ್ದಿತ್ತು ನೋಡು, ಅದರಲ್ಲಿ ಏಳು ಆರಿಸಿ ಪೇರಿಸಿದೆ. ನಾನು, ಚಿಕ್ಕಮ್ಮ, ಸಣ್ಣವನು ಒಂದು ಕಡೆ. ನಿನ್ನಪ್ಪ, ಚಿಕ್ಕಪ್ಪ, ದೊಡ್ಡವಳು ಇನ್ನೊಂದು ಕಡೆ. ಮೊದಲ ಏಟಿಗೇ ಲಗೋರಿ ಚೆಲ್ಲಾಪಿಲ್ಲಿ ಮಾಡಿದವಳು ನಾನು, ಇದನ್ನು ಮಾತ್ರ ಯಾರೂ ನಿನಗೆ ಹೇಳಿಲ್ಲ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ಬೆನ್ನಿಗೆ ಚೆಂಡು ಬೀಳದ ಹಾಗೆ ತಪ್ಪಿಸಿಕೊಂಡು, ಒಂದೊಂದೇ ಚೂರು ಪೇರಿಸುತ್ತಾ ಬಂದು, ಏಳನೇದನ್ನು ಇಟ್ಟು "ಲಗೋರಿ" ಅಂತ ಕೂಗಿ ಹಿಂದಕ್ಕೆ ಸರಿದೆ ನೋಡು, ನೀರಿನ ಟ್ಯಾಂಕ್ ತುಂಬಿ ಹರಿದು ಪಾಚಿ ಕಟ್ಟಿದ್ದ ಜಾಗದ ಮೇಲೆ ಕಾಲಿಟ್ಟೆ. ಜಾರಿತು. ಅಂಗೈ ಊರಿದೆ. ಚಿಕ್ಕಪ್ಪ ಈಗಲೂ ಆರೇ ಇಟ್ಟಿದ್ದು ಅಂತಾನೆ. ಸುಳ್ಳು.

ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ, ಬರೀ ಉಳುಕು. ಆಮೇಲೆ ಆ ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು, "ಮುಟ್ಟು ನಿಂತು ಎಷ್ಟು ದಿನ ಆಯ್ತಮ್ಮ?" ಪಕ್ಕದಲ್ಲಿ ನಿನ್ನ ಚಿಕ್ಕಪ್ಪ, ಕಾರು ಓಡಿಸಿಕೊಂಡು ಬಂದವನು, ಗೋಡೆಯ ಮೇಲಿದ್ದ ಮೊಣಕಾಲಿನ ಚಿತ್ರವನ್ನು ಪರೀಕ್ಷೆಗೆ ಓದೋರ ಹಾಗೆ ನೋಡೋಕೆ ಶುರುಮಾಡಿದ. ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ ಜೋರಾಗೇ ಹೇಳಿದೆ, ಹದಿನಾಲ್ಕು ತಿಂಗಳು.

ನಿನಗೂ ಇವತ್ತೇ ಹೇಳ್ತಿರೋದು, ಅಲ್ವಾ? ನಿನ್ನ ಮೊದಲ ಮುಟ್ಟಿನ ಬಗ್ಗೆ ನಾವಿಬ್ಬರೂ ಎಷ್ಟು ಮಾತಾಡಿದ್ದೆವು. ನನ್ನ ಕೊನೆಯದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಯದು ಅಂತ ಆಗ ಗೊತ್ತಾಗೋದೂ ಇಲ್ಲ ಬಿಡು. ಹನ್ನೆರಡು ತಿಂಗಳು ಪೂರ್ತಿ ಬರದೆ ಇದ್ದರೆ ಆಮೇಲೆ ಹಿಂದೆ ತಿರುಗಿ ನೋಡಿ, ಓ ಅದೇ ಕೊನೆಯದು ಅನ್ನಬೇಕು. ಅದಕ್ಕೆ ಮೊದಲು ಎರಡು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ನಂಬಿಕೆಯಿಲ್ಲದ ನೆಂಟರ ಹಾಗೆ ಬರ್ತಾ ಹೋಗ್ತಾ ಇರುತ್ತೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೇ ನಿಲ್ಲುತ್ತಂತೆ. ನನಗೆ ಐವತ್ತರ ಹತ್ತಿರ ನಿಂತಿತು.

ಆ ಬಿಸಿ ಏರೋದು ಇದೆಯಲ್ಲ, ಅದನ್ನು ನಿನಗೆ ಹೇಗೆ ಹೇಳಲಿ. ನಿನ್ನ ಸೋದರಮಾವನ ಮಗನ ಮದುವೆಯಲ್ಲಿ ಫೋಟೋಗೆ ನಿಂತಿದ್ದೆ. ಮೈಸೂರು ಸಿಲ್ಕ್, ತಲೆ ತುಂಬ ಮಲ್ಲಿಗೆ. ಎದೆಯ ನಡುವಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಕುಕ್ಕರಿನ ಆವಿ ಏರಿದ ಹಾಗೆ ಏರಿತು. ಎರಡು ಮೂರು ನಿಮಿಷ ಇರಬೇಕು. ಆಮೇಲೆ ಬೆವರು, ಅದರ ಹಿಂದೆಯೇ ಚಳಿ. ಆಲ್ಬಂನಲ್ಲಿ ಎಲ್ಲರೂ ನಗ್ತಿದ್ದಾರೆ, ನಾನೊಬ್ಬಳು ಯಾರನ್ನೋ ಹೊಡೆಯೋಕೆ ಹೊರಟವಳ ಹಾಗಿದ್ದೀನಿ. ನಿನ್ನಪ್ಪ ಮದುವೆಮನೆಯಲ್ಲಿ ಯಾರೋ ಏನೋ ಅಂದಿದ್ದಾರೆ ಅಂದುಕೊಂಡು ಇಡೀ ಸಂಜೆ ನನ್ನ ಹಿಂದೆ ಬಾದಾಮಿ ಹಾಲಿನ ಲೋಟ ಹಿಡಿದು ಓಡಾಡಿದರು. ಬಿಸಿ ಬಾದಾಮಿ ಹಾಲು!

ಮುಟ್ಟು ನಿಲ್ಲೋ ಹೊತ್ತಿಗೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಡಿಮೆ ಆದಾಗ ಮಿದುಳಿನಲ್ಲಿ ಮೈಶಾಖ ನೋಡಿಕೊಳ್ಳೋ ಜಾಗ ತೀರಾ ಸೂಕ್ಷ್ಮ ಆಗಿಬಿಡುತ್ತೆ, ಚೂರು ಬಿಸಿಯಾದರೂ ಮೈಗೆ ಬೆಂಕಿ ಬಿದ್ದ ಹಾಗೆ ಗಾಬರಿಪಡುತ್ತೆ ಅಂತ ಡಾಕ್ಟರು ಹೇಳಿದರು. ತಡೆಯೋಕೆ ಆಗದಿದ್ದರೆ ಔಷಧಿ ಇದೆ, ಕಚ್ಚಿಕೊಂಡು ಕೂರಬೇಡಿ ಅಂದರು. ಮೂರು ವರ್ಷ ಕಚ್ಚಿಕೊಂಡೇ ಕೂತಿದ್ದೆನಲ್ಲ ಅಂತ ಆಗ ಅನಿಸಿತು. ನೀನು ಕೊನೇ ಸೆಮಿಸ್ಟರ್‌ನಲ್ಲಿದ್ದಾಗ ಹಾಸಿಗೆ ಮೇಲೆ ಒದ್ದೆ ಟವೆಲ್ ಬಿಸಾಕಿದೆ ಅಂತ ಬೀದಿಗೆ ಕೇಳೋ ಹಾಗೆ ಕೂಗಿದ್ದೆನಲ್ಲ, ನೆನಪಿದೆಯಾ? ಅದರ ಹಿಂದಿನ ನಾಲ್ಕು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸಾರಿ ಪುಟ್ಟಿ. ಟವೆಲ್ ಬಿಸಾಕೋದೂ ತಪ್ಪೇ, ಅದು ಬೇರೆ ವಿಷಯ.

ಒದ್ದೆ ಟವೆಲ್ ಅಂದರೆ ನಿನ್ನ ಅಜ್ಜಿ ನೆನಪಾಗ್ತಾರೆ. ನಾನು ಪಿಯುಸಿ ಓದುವಾಗ ರಾತ್ರಿ ಎದ್ದರೆ ಅಮ್ಮ ಹಾಸಿಗೆಯಲ್ಲಿ ಇರ್ತಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕತ್ತಲಲ್ಲಿ ಕೂತಿರ್ತಿದ್ದರು, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು. ಅಪ್ಪನ ಜೊತೆ ಜಗಳ ಆಗಿದೆ ಅಂತ ನಾವು ಮೂರೂ ಜನ ನಂಬಿದ್ದೆವು. ಒಂದು ಸಲ ಹೋಗಿ ಕೇಳಿದೆ. "ಸೆಖೆ ಕಣೆ, ಮಲಗು ಹೋಗು" ಅಂದರು. ಅದು ಸಂಕ್ರಾಂತಿ ಹಿಂದಿನ ವಾರ. ನಾನು ಹಲ್ಲು ಕಡೀತಾ ಒಳಗೆ ಬಂದು ರಗ್ಗು ಹೊದ್ದು ಮಲಗಿದ್ದೆ. ಅಮ್ಮನ ಪಕ್ಕ ಆ ಕಲ್ಲಿನ ಮೇಲೆ ಇನ್ನೊಬ್ಬರು ಕೂರೋಷ್ಟು ಜಾಗ ಇತ್ತು.

ನನಗೆ ಮಾತ್ರ ಕೂರೋಕೆ ಜನ ಇದ್ದಾರೆ. ನಮ್ಮ ನಾಲ್ವರ ಗುಂಪು ನಿನಗೆ ಗೊತ್ತಲ್ಲ. ತಿಂಗಳ ಎರಡನೇ ಶನಿವಾರ ಬ್ಯಾಂಕಿನವಳಿಗೂ ರಜೆ. ಅವತ್ತು ಎಲ್ಲಾದರೂ ಹೊರಟುಬಿಡ್ತೀವಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪವೂ ಇಲ್ಲ. ರಾಜಹಂಸ, ಐರಾವತ ಹತ್ತೋ ಹಾಗಿಲ್ಲ ಅಷ್ಟೇ, ಕೆಂಪು ಬಸ್ಸಾದರೆ ಶೂನ್ಯ ಟಿಕೆಟ್. ಹೋದ ತಿಂಗಳು ಮೇಲುಕೋಟೆಗೆ ಹೋದೆವು. ಕಂಡಕ್ಟರ್ ಆಧಾರ್ ಕೇಳಿದ. ನಾಲ್ಕೂ ಜನ ಬ್ಯಾಗಿಗೆ ಕೈ ಹಾಕಿದೆವು, ಯಾವ ಕಾರ್ಡ್ ಯಾವುದು ಅಂತ ಕಾಣದು. ಮೂವರು ಚಾಳೀಸು ಮನೆಯಲ್ಲೇ ಬಿಟ್ಟಿದ್ದೆವು. ಇದ್ದ ಒಂದೇ ಕನ್ನಡಕ ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ಹೋಯ್ತು. ನಾನು ತೋರಿಸಿದ್ದು ಎಟಿಎಂ ಕಾರ್ಡು. ಕಂಡಕ್ಟರ್ ಪಾಪ, "ಬೇಗ ಹುಡುಕಿ ಅಜ್ಜಿ" ಅಂದ. ಅಜ್ಜಿ ಅಂದಿದ್ದಕ್ಕೆ ಪಾಂಡವಪುರ ದಾಟೋವರೆಗೂ ಜಗಳ, ಅವನು ನಮ್ಮಲ್ಲಿ ಯಾರನ್ನು ನೋಡಿ ಹೇಳಿದ ಅಂತ.

ಬೆಟ್ಟದ ಮೆಟ್ಟಿಲನ್ನು ನಾಲ್ಕು ಕಡೆ ಕೂತು ಹತ್ತಿದೆವು. ಮೊದಲೆಲ್ಲ ನಾನು ನಿಲ್ಲದೆ ಹತ್ತುತ್ತಿದ್ದೆ, ಈಗ ಆಗಲ್ಲ. ಕೂತ ಕಡೆಯೆಲ್ಲ ಮೈಗೆ ಬಿಸಿ ಏರಿದವಳಿಗೆ ಉಳಿದವರು ಸೆರಗಿನಲ್ಲಿ ಗಾಳಿ ಹಾಕೋದು, ಜನ ನಮ್ಮನ್ನು ನೋಡೋದು. ಅಕ್ಕ ತಂಗಿಯರ ಕೊಳದ ಹತ್ತಿರ ಅಕ್ಕ ಯಾರು, ತಂಗಿ ಯಾರು ಅಂತ ಇನ್ನೊಂದು ಸುತ್ತು ನಗು. ಪುಳಿಯೋಗರೆ ತಿಂದು, ಸಕ್ಕರೆ ಪೊಂಗಲ್ ತಿಂದು, ಬರುವಾಗ ಬಸ್ಸಿನಲ್ಲಿ ನಾಲ್ವರೂ ಬಾಯಿ ಬಿಟ್ಟುಕೊಂಡು ನಿದ್ದೆ. ಆ ಫೋಟೋ ತೆಗೆದು ಯಾರು ಸ್ಟೇಟಸ್ ಹಾಕಿದರೋ, ಅವರ ಮೇಲೆ ಸೇಡು ಬಾಕಿ ಇದೆ.

ಸುಮ್ನೆ ನಗೋಕೆ ಮಾತ್ರ ಅಲ್ಲ ಈ ಗುಂಪು. ಬ್ಯಾಂಕಿನವಳಿಗೆ ಮುಟ್ಟು ನಿಂತು ಒಂದೂವರೆ ವರ್ಷ ಆದ ಮೇಲೆ ಮತ್ತೆ ರಕ್ತ ಕಾಣಿಸಿತು. "ನಾನು ಮತ್ತೆ ಹುಡುಗಿ ಆದೆ ಕಣ್ರೇ" ಅಂತ ನಕ್ಕಳು. ವರ್ಷ ನಿಂತ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು ಅಂತ ನಾನು ಎಲ್ಲೋ ಓದಿದ್ದೆ. ಮೂವರೂ ಸೇರಿ ಅವಳನ್ನು ಎಳೆದುಕೊಂಡು ಹೋದೆವು. ಸಣ್ಣ ಗಡ್ಡೆ, ಕೆಟ್ಟದ್ದೇನಲ್ಲ, ತೆಗೆದರು. ಅವತ್ತು ಆಸ್ಪತ್ರೆ ಕ್ಯಾಂಟೀನಿನಲ್ಲಿ ಎರಡೆರಡು ಕಾಫಿ ಕುಡಿದು ಸುಮ್ಮನೆ ಕೂತಿದ್ದೆವು, ಯಾರೂ ಜಾಸ್ತಿ ಮಾತಾಡಲಿಲ್ಲ.

ನಿನ್ನಪ್ಪನದೂ ಒಂದು ಕಥೆ ಇದೆ, ಮೀಸೆಗೆ ಬಣ್ಣ ಹಚ್ಚೋದು ಬಿಟ್ಟಿದ್ದಾರೆ. ವಿಡಿಯೋ ಕಾಲಿನಲ್ಲಿ ನೋಡಿ ನಗಬೇಡ, ಚೆನ್ನಾಗಿದೆ ಅನ್ನು. ಫ್ಯಾನ್ ವಿಷಯದಲ್ಲೂ ರಾಜಿ ಆಗಿದೆ: ಫ್ಯಾನ್ ನನ್ನದು, ಕಂಬಳಿ ಎರಡೂ ಅವರದು.

ಇನ್ನು ಮೂಳೆ ವಿಷಯ, ನಿನಗೆ ಅದೇ ತಾನೇ ಚಿಂತೆ. ಈಸ್ಟ್ರೋಜನ್ ಕಡಿಮೆ ಆದಮೇಲೆ ಮೂಳೆ ಬೇಗ ಸವೆಯುತ್ತೆ, ಅದು ನಿಜ. ಅದಕ್ಕೆ ಓಡಾಡಬೇಡಿ ಅಂತ ಡಾಕ್ಟರು ಹೇಳಲಿಲ್ಲ, ನೋಡಿಕೊಂಡು ಓಡಿ ಅಂದರು. ನಡೀರಿ, ಸ್ವಲ್ಪ ಭಾರ ಎತ್ತಿ, ಮೂಳೆಗೆ ಕೆಲಸ ಕೊಡಿ, ಬಿಸಿಲಿಗೆ ಹೋಗಿ ಅಂದರು. ರಾಗಿ ಹೇಗೂ ಇದ್ದೇ ಇದೆ, ನೂರು ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ. ನಿನ್ನಜ್ಜಿ ಯಾವ ಲೆಕ್ಕವೂ ಇಲ್ಲದೆ ದಿನಾ ಮುದ್ದೆ ತಿಂದರು. ನೀನು ಪುಣೆಯಲ್ಲಿ ಬರೀ ನೂಡಲ್ಸ್ ತಿಂದುಕೊಂಡು ನನ್ನ ಮೂಳೆಗೆ ಬೈತೀಯ.

ತಾರಸಿಯ ಪಾಚಿ ಉಜ್ಜಿಸಿದ್ದೀನಿ, ಬ್ಲೀಚಿಂಗ್ ಪೌಡರ್ ಹಾಕಿ. ಟ್ಯಾಂಕಿನ ವಾಲ್ವ್ ಬದಲಾಯಿಸಿ ಆಗಿದೆ. ಚೆಂಡು ಮಾತ್ರ ಹಿಂದಿನ ಮನೆಯವರ ತೆಂಗಿನ ಮರದ ಸುಳಿಯಲ್ಲಿ ಸಿಕ್ಕಿಕೊಂಡು ಅಲ್ಲೇ ಇದೆ. ದೀಪಾವಳಿಗೆ ಚಿಕ್ಕಪ್ಪನವರು ಮತ್ತೆ ಬರ್ತಾರೆ. ನೀನು ಬರುವಾಗ ಎರಡು ಟೆನಿಸ್ ಬಾಲ್ ತಗೊಂಡು ಬಾ, ಹಳೇದಾದರೂ ಸರಿ. ಈ ಸಲ ನೀನೇ ಅಂಪೈರು. ಏಳನೇದು ಇಟ್ಟಿದ್ದೆನೋ ಇಲ್ಲವೋ ಅನ್ನೋದು ಮೊದಲು ತೀರ್ಮಾನ ಆಗಬೇಕು.

ಊಟ ಮಾಡಿ ಮಲಗು.

ಅಮ್ಮ