ಲಂಡನ್–ನ್ಯೂಯಾರ್ಕ್ ದೂರ, ಸಮಯ: ಎಲ್ಲರೂ ಒಮ್ಮೆ ಓದಿಬಿಡಿ

ಎಲ್ಲರಿಗೂ ನಮಸ್ಕಾರ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ಹೊತ್ತು ಅನ್ನೋ ಪ್ರಶ್ನೆ ಗುಂಪಿನಲ್ಲಿ ಪದೇ ಪದೇ ಬರುತ್ತಿದೆ. ಒಂದೇ ಸಲ ಬರೆದುಬಿಡುತ್ತೇನೆ.

ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ನೇರ ದೂರ ಸುಮಾರು 5,540 ಕಿ.ಮೀ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಆರು ಗಂಟೆ ಚಿಲ್ಲರೆ ಬರುತ್ತದೆ. ಆ ಲೆಕ್ಕ ನಂಬಬೇಡಿ. ಹೋಗುವಾಗ ಸುಮಾರು ಎಂಟು ಗಂಟೆ ಬೇಕು, ಬರುವಾಗ ಏಳು ಗಂಟೆ ಸಾಕು. ಕಾರಣ ಗಾಳಿ. ಅಟ್ಲಾಂಟಿಕ್ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ಈ ಗಾಳಿ ಹಿಡಿದು ಐದು ಗಂಟೆಯೊಳಗೇ ಲಂಡನ್ ಮುಟ್ಟಿತ್ತು! ಅದನ್ನು ನೋಡಿ ಯಾರೂ ಪ್ಲಾನ್ ಮಾಡಬೇಡಿ ಮಾತ್ರ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಗೊಂದಲ ಆಗುವುದು ಇಲ್ಲೇ. ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿಯುತ್ತೀರಿ ಅಂದರೆ ಮೂರೇ ಗಂಟೆ ಅಲ್ಲ, ನ್ಯೂಯಾರ್ಕ್ ಐದು ಗಂಟೆ ಹಿಂದಿದೆ. ವಾಪಸ್ ಬರುವಾಗ ಸಂಜೆ 7ಕ್ಕೆ ಹತ್ತಿದರೆ ಮರುದಿನ ಬೆಳಿಗ್ಗೆ 7ರ ಹೊತ್ತಿಗೆ ಲಂಡನ್. ನಿದ್ದೆ ಅರ್ಧಂಬರ್ಧ.

ಮಾರ್ಚ್‌ನಲ್ಲಿ ಹೋಗುವವರು ಗಮನಿಸಿ: ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು ಅಮೆರಿಕದಲ್ಲಿ ಮೊದಲೇ, ಬ್ರಿಟನ್‌ನಲ್ಲಿ ತಿಂಗಳ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಅಂತರ ನಾಲ್ಕೇ ಗಂಟೆ. ಕರೆದೊಯ್ಯಲು ಬರುವವರಿಗೆ ಸಮಯ ಹೇಳುವಾಗ "ನ್ಯೂಯಾರ್ಕ್ ಸಮಯ" ಅಂತ ಸೇರಿಸಿಯೇ ಬರೆಯಿರಿ.